ಫೋಟೋದ ಕೆಳಗಿನ ಹೆಸರು

ಮೂಕಮ್ಮ ತೀರಿಕೊಂಡ ಸುದ್ದಿ ಆನಂದಪುರದ ಮನೆಗೆ ಬಂದದ್ದು ಬೆಳಗಿನ ರೊಟ್ಟಿಯ ಹೊತ್ತಿಗೆ. ಕೆರಿಯಮ್ಮ ಕಾವಲಿಯ ಮೇಲೆ ಅಕ್ಕಿ ರೊಟ್ಟಿ ಹಾಕಿ ಕೈಗಂಟಿದ ಹಿಟ್ಟನ್ನು ತೆಗೆಯುತ್ತಿದ್ದಳು. ಸೊಸೆ ಆಶಾ ಮೊಬೈಲನ್ನು ಎದೆಗೊತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಅತ್ತೆ, ಒಲೆ ಸಣ್ಣ ಮಾಡಿ."

"ಎಂತ ಆಯ್ತೆ?"

"ಹುಂಚದಿಂದ ಫೋನು. ದೊಡ್ಡತ್ತೆ ಎದ್ದಿಲ್ಲಂತೆ."

"ಎದ್ದಿಲ್ಲ ಅಂದ್ರೆ ಎಬ್ಸೋಕೆ ಹೇಳು. ನಿನ್ನೆ ನಾಮಕರಣದ ಊಟ ಜಾಸ್ತಿ ಆಗಿರ್ಬೇಕು."

ಆಶಾ ತಾನೇ ಕೈಚಾಚಿ ಒಲೆ ಸಣ್ಣ ಮಾಡಿದಳು. ಅವಳ ಮುಖ ನೋಡಿದ ಮೇಲೆ ಕೆರಿಯಮ್ಮನಿಗೆ ತಿಳಿಯಿತು. ಅವಳು ಕೂಗಲಿಲ್ಲ. ರೊಟ್ಟಿಯನ್ನು ಮಗುಚಿ ಹಾಕಿ, ಅದು ಬೇಯುವ ತನಕ ನಿಂತಿದ್ದು, ತೆಗೆದು ತಟ್ಟೆಗೆ ಹಾಕಿ, ಆಮೇಲೆ ಒಲೆ ಆರಿಸಿ ನೆಲದ ಮೇಲೆ ಕೂತಳು.

ಮೂಕಮ್ಮ ಅವಳಿಗೆ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮಕ್ಕಳಾಗಲಿಲ್ಲ. ಗಂಡ ಬೇಗ ಹೋದರು. ಅತ್ತೆ ಹುಲಿಯಮ್ಮ ಇದ್ದಾಗಲೂ, ಹೋದ ಮೇಲೂ ಈ ಇಬ್ಬರು ಹೆಂಗಸರು ಒಂದೇ ಒಲೆಯ ಮುಂದೆ ಕೂತು ಬದುಕು ಸಾಗಿಸಿದವರು. ಒಬ್ಬಳು ಹಿಟ್ಟು ನಾದಿದರೆ ಇನ್ನೊಬ್ಬಳು ತಟ್ಟಬೇಕು. ಕೆರಿಯಮ್ಮನ ಮಗ ರಾಘವೇಂದ್ರ ಹಸಿವಾದಾಗ ಮೊದಲು ಕೂಗುತ್ತಿದ್ದದ್ದು ದೊಡ್ಡವ್ವನನ್ನು, ಅವ್ವನನ್ನಲ್ಲ.

ಮಧ್ಯಾಹ್ನದೊಳಗೆ ಹುಂಚದ ನೆಂಟರ ಮನೆಯಿಂದ ದೇಹ ಬಂತು. ಕೆರಿಯಮ್ಮನೇ ನೀರೆರೆದು, ಅರಿಸಿನ ಹಚ್ಚಿ, ತನ್ನ ಪೆಟ್ಟಿಗೆಯಲ್ಲಿದ್ದ ಹೊಸ ಸೀರೆ ಉಡಿಸಿದಳು. ಅವಳ ಗಂಡ ಸೀತಾರಾಮಪ್ಪ ಅತ್ತಿಗೆಯ ಕಾಲು ಮುಟ್ಟಿ ನಮಸ್ಕರಿಸಿ, ಮಡಕೆ ಹೊತ್ತು ಮುಂದೆ ನಡೆದರು.

ಮಾರನೆಯ ದಿನ ರಾಘವೇಂದ್ರ ಒಂದು ಫ್ಲೆಕ್ಸು ಸುತ್ತಿಕೊಂಡು ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದೇ ಫ್ಲೆಕ್ಸು, ಜೆರಾಕ್ಸಿನ ಅಂಗಡಿ. ಊರಲ್ಲಿ ಯಾರೇ ಸತ್ತರೂ, ಯಾರೇ ಗೆದ್ದರೂ ಮೊದಲು ಅವನ ಮಿಶಿನ್ನಿಗೇ ಕೆಲಸ. ಜಗಲಿಯ ಮೇಲೆ ಹಾಸಿ ನಾಲ್ಕು ಮೂಲೆಗೆ ಚೊಂಬು, ಮಣೆ ಇಟ್ಟ. 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ದೊಡ್ಡ ಅಕ್ಷರದ ಕೆಳಗೆ ಮೂಕಮ್ಮ ಬೆದರಿದ ಕಣ್ಣಿನಿಂದ ನೋಡುತ್ತಿದ್ದಳು.

"ಇದೆಲ್ಲಿಂದ ತಂದ್ಯೋ?" ಕೆರಿಯಮ್ಮ ಕೇಳಿದಳು.

"ರೇಷನ್ ಕಾರ್ಡಿಂದು. ದೊಡ್ದು ಮಾಡ್ದೆ."

"ಕಳ್ಳರ ಫೋಟೋ ಸ್ಟೇಷನ್ನಲ್ಲಿ ಅಂಟ್ಸಿರ್ತಾರಲ್ಲ, ಹಂಗಿದೆ."

"ಬೇರೆ ಎಲ್ಲಿದೆ ಅವ್ವಾ? ಕ್ಯಾಮೆರಾ ಕಂಡ್ರೆ ಒಳಗೆ ಹೋಗ್ತಿದ್ರು ದೊಡ್ಡವ್ವ."

"ಇದೆಯಲ್ಲ. ಇಡೀ ರಾಜ್ಯ ನೋಡಿದ್ದು ಒಂದು ಇದೆ. ಅದನ್ನ ಹಾಕು."

ರಾಘವೇಂದ್ರ ಫ್ಲೆಕ್ಸಿನ ಮೂಲೆಯ ಚೊಂಬನ್ನು ಸರಿಸಿದ. ಆಶಾ ಇಬ್ಬರ ಮುಖವನ್ನೂ ನೋಡಿದಳು.

"ಯಾವ್ದು ಅತ್ತೆ? ಒಳಗೆ ಗೋಡೆ ಮೇಲಿರೋದಾ? ಅದು ಅಜ್ಜಿ ಅಲ್ವಾ?"

"ಅಲ್ಲ," ಎಂದಳು ಕೆರಿಯಮ್ಮ.

"ಅವ್ವಾ, ಈಗ್ಯಾಕೆ ಅದು? ಸೂತಕದ ಮನೆ," ಎಂದು ರಾಘವೇಂದ್ರ ಎದ್ದುಬಿಟ್ಟ.

ಒಳಗೆ ನಡುಮನೆಯ ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲೇ, ಕಟ್ಟು ಹಾಕಿಸಿದ ಹಳೆಯ ಪತ್ರಿಕೆಯ ಕಪ್ಪು ಬಿಳುಪು ಫೋಟೋ ಒಂದಿತ್ತು. ಎಡಗಡೆ ಜೀಪಿನ ಮೂತಿ. ಅದರ ಬಾನೆಟ್ಟಿನ ಮೇಲೆ ಬಲಗೈ ಊರಿ ನಿಂತ ಒಬ್ಬಳು ಹೆಂಗಸು. ಎಡಗೈಯಲ್ಲಿ ಹಾಲಿನ ಕ್ಯಾನು. ತಲೆಗೆ ಸುತ್ತಿದ ಬಟ್ಟೆಯಿಂದ ಮುಖದ ಅರ್ಧ ಮರೆಯಾಗಿದೆ. ಸೆರಗು ಹಿಂದಕ್ಕೆ ನೀಳವಾಗಿ ಚಾಚಿದೆ. ಕೆಳಗೆ 'ಜೀಪು ತಡೆದ ಹುಲಿಯಮ್ಮ' ಎಂದು ಅಚ್ಚಾಗಿತ್ತು.

ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂದಾಗ ಮನೆ, ಗದ್ದೆ ಎಲ್ಲ ಬಿಟ್ಟು ಬಂದ ಕುಟುಂಬಗಳು ಆನಂದಪುರದ ಆಚೆಯ ಹಕ್ಕಲಿನಲ್ಲಿ, ಅಂದರೆ ಯಾರೂ ಉಳದ ಎತ್ತರದ ಬಯಲಿನಲ್ಲಿ, ಜಾಗ ಮಾಡಿಕೊಂಡಿದ್ದವು. ಹಕ್ಕುಪತ್ರ ಆಗ ಇರಲಿಲ್ಲ, ಈಗಲೂ ಪೂರ್ತಿ ಬಂದಿಲ್ಲ. ಮೂವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಬೆಳೆ ಕಿತ್ತು ತೆರವು ಮಾಡಿಸಲು ಜೀಪು ಬಂದಾಗ ತೆಗೆದ ಫೋಟೋ ಇದು. ಮೊದಲು ಪತ್ರಿಕೆಯ ಮುಖಪುಟಕ್ಕೆ ಬಂತು, ಆಮೇಲೆ ದೆಹಲಿಯ ವಾರಪತ್ರಿಕೆಗೆ ಹೋಯಿತು. ಅದು ಬಂದ ಮೇಲೆ ಜೀಪು ಮತ್ತೆ ಬರಲಿಲ್ಲ. ಸಾಗರದಿಂದ ಹೊಸನಗರಕ್ಕೆ, ತೀರ್ಥಹಳ್ಳಿಗೆ ಎಷ್ಟು ಪಾದಯಾತ್ರೆ ಹೊರಟವೋ ಅಷ್ಟಕ್ಕೂ ಮುಂದೆ ಹಿಡಿದ ಬ್ಯಾನರಿನಲ್ಲಿ ಈ ಚಿತ್ರವೇ. ಭಾಷಣ ಮಾಡುವವರು "ಗಾಳಿಗೆ ಹಾರಿದ ಆ ಸೆರಗೇ ನಮ್ಮ ಬಾವುಟ" ಎಂದರೆ ಚಪ್ಪಾಳೆ ಬೀಳುತ್ತಿತ್ತು.

ಅಂದು ಸಂಜೆ ಸೊಪ್ಪು ಸೋಸುತ್ತಾ ಆಶಾ ಬಿಡಲಿಲ್ಲ.

"ಹೇಳಿ ಅತ್ತೆ. ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು. ನಂಗೊಬ್ಳಿಗೇ ಗೊತ್ತಿಲ್ವಾ?"

"ಗೊತ್ತಿದ್ದೋರು ಯಾರೂ ಬಾಯಿ ಬಿಡ್ಲಿಲ್ಲ ಮಾರಾಯ್ತಿ, ಅಷ್ಟೇ. ನಿನ್ನ ಗಂಡಂಗೆ ಅವತ್ತು ಜ್ವರ. ನಾನು ಮಗು ಕಟ್ಕೊಂಡು ಮನೇಲಿದ್ದೆ. ಅಕ್ಕ ಡೈರಿಗೆ ಹಾಲು ಕೊಡೋಕೆ ಹೋದೋಳು, ದಾರೀಲಿ ಜೀಪಿಗೆ ಅಡ್ಡ ನಿಂತ್ಲು. ಭಾವನೋರು ಅಲ್ಲೇ ಬದುವಿನ ಮೇಲಿದ್ರಂತೆ. ಫೋಟೋದೋನು ಓಡಿ ಬಂದು 'ಯಾರ್ರೀ ಅವ್ರು' ಅಂತ ಕೇಳ್ದ. ಹೆಂಡ್ತಿ ಹೆಸ್ರನ್ನ ಊರ ಮುಂದೆ ಬಾಯಲ್ಲಿ ಹೇಳೋ ಕಾಲನಾ ಅದು? 'ಹುಲಿಯಮ್ಮನ ಮನೇರು' ಅಂದ್ರು. ಅವ ಬರ್ಕೊಂಡು ಹೋದ."

"ಮಾರನೇ ದಿನನಾದ್ರೂ ಹೇಳ್ಬಹುದಿತ್ತಲ್ಲ?"

"ಪೇಪರು ನಮ್ಮ ಕೈಗೆ ಸಿಗೋ ಹೊತ್ತಿಗೆ ಜನ ಹಾರ ಹಿಡ್ಕೊಂಡು ಬಂದು ಅತ್ತೆ ಕೊರಳಿಗೆ ಹಾಕಿ ಆಗಿತ್ತು. ಅತ್ತೆ ಸುಳ್ಳು ಹೇಳ್ಲಿಲ್ಲ ಮತ್ತೆ. ಸಾಗರದಲ್ಲಿ ಸ್ಟೇಜ್ ಮೇಲೆ ಮೈಕಲ್ಲೇ ಹೇಳಿದ್ರು, 'ನಾನೆಂತದೂ ಮಾಡಿಲ್ಲಪ್ಪ, ಮಾಡಿದ್ದು ನನ್ನ ಸೊಸೆ' ಅಂತ. ಜನ, ಆಹಾ, ಎಂಥಾ ದೊಡ್ಡ ಗುಣ ಅಂತ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದ್ರು."

ಆಶಾಳಿಗೆ ಸೂತಕದ ಮನೆಯೆಂಬುದು ಮರೆತು ನಗು ಬಂತು. ಕೆರಿಯಮ್ಮನಿಗೂ ಬಂತು. ಆಮೇಲೆ ಇಬ್ಬರೂ ಕಣ್ಣೊರೆಸಿಕೊಂಡರು.

"ದೊಡ್ಡತ್ತೆ ಎಂತ ಹೇಳ್ತಿದ್ರು?"

"'ಜೀಪು ತಿರುಗಿ ಹೋಯ್ತಲ್ಲ, ಸಾಕು' ಅಂತಿದ್ಲು. ಆ ಸಭೆಗೆಲ್ಲ ಅನ್ನ ಬೇಯ್ಸಿದ್ದು ಅವಳೇ."

ಹನ್ನೊಂದರ ಕಾರ್ಯದ ದಿನ ಮೂಕಮ್ಮನಿಗೆ ಇಷ್ಟವಾದ ಹುರುಳಿ ಸಾರು, ಕಡುಬು, ಕೆಸುವಿನ ಪಲ್ಯ ಎಲ್ಲ ಮಾಡಿ ಬಾಳೆಲೆಯ ಮೇಲೆ ಎಡೆ ಇಟ್ಟರು. ಕಾರ್ಯ ಮಾಡಿಸುವ ಹಿರಿಯರು "ಹೋದವರ ಹೆಸರು ಹೇಳಿ, ಅವರನ್ನ ಕರೀಬೇಕು" ಎಂದರು. ಸೀತಾರಾಮಪ್ಪ ಗಂಟಲು ಸರಿಮಾಡಿಕೊಂಡು "ಮೂಕಮ್ಮ" ಎಂದರು. ಹಿರಿಯರು ಮೂರು ಸಲ ಆ ಹೆಸರನ್ನು ಗಟ್ಟಿಯಾಗಿ ಕರೆದು ನೀರು ಬಿಟ್ಟರು.

ಕೈಮುಗಿದು ನಿಂತಿದ್ದ ಕೆರಿಯಮ್ಮನಿಗೆ ಎದುರಿನ ಗೋಡೆಯ ಫೋಟೋ ಕಾಣಿಸಿತು. ಹೆಸರು ಹಿಡಿದು ಕರೆದರೆ ತಾನೇ ಜೀವ ಎಡೆಗೆ ಬರುವುದು? ಅಲ್ಲಿ ನೋಡಿದರೆ ಅವಳ ಮೈ ಇದೆ, ಹೆಸರು ಬೇರೆಯವರದು. ಮುಂದಿನ ತಿಂಗಳು ಜೀಪು ತಡೆದ ದಿನಕ್ಕೆ ಮೂವತ್ತು ವರ್ಷ. ಹಕ್ಕಲಿನ ದಾರಿಯ ತಿರುವಿನಲ್ಲಿ ಕರಿಕಲ್ಲಿನ ಮೇಲೆ ಆ ಫೋಟೋ ಕೊರೆಸಿ ನಿಲ್ಲಿಸುವುದೆಂದು ಹೋರಾಟ ಸಮಿತಿಯವರು ನಿಶ್ಚಯ ಮಾಡಿದ್ದರು. ಕಲ್ಲಿನಲ್ಲಿ ಕೊರೆದ ಮೇಲೆ ಮುಗಿಯಿತು. ಅಷ್ಟರೊಳಗೆ ಹೆಸರು ಸರಿಯಾಗಬೇಕು, ಆಗದಿದ್ದರೆ ಇನ್ನೆಂದೂ ಇಲ್ಲ ಎಂದು ಅವಳು ಅಲ್ಲಿಯೇ ಮನಸ್ಸು ಗಟ್ಟಿ ಮಾಡಿಕೊಂಡಳು.

ಭಾನುವಾರ ಸಮಿತಿಯ ಸಭೆ, ಎಂದಿನಂತೆ ಇವರ ಮನೆಯಲ್ಲೇ. ಅಧ್ಯಕ್ಷ ಪೂರ್ಣೇಶ್ ಜಗಲಿಯಲ್ಲಿ ಕೂತವನು ಒಳಗೆ ಇಣುಕಿದ.

"ಕೆರಿಯಕ್ಕ, ಹುರುಳಿ ಸಾರಿನ ಘಮನೇ ಇಲ್ವಲ್ಲ ಇವತ್ತು?"

"ಒಲೆ ಹಚ್ಚಿಲ್ಲ ಪೂರ್ಣೇಶಣ್ಣ."

"ಗ್ಯಾಸ್ ಖಾಲಿನಾ? ಹೇಳಿದ್ರೆ ತರ್ತಿದ್ನಲ್ಲ."

"ಗ್ಯಾಸ್ ಇದೆ. ಇಷ್ಟು ವರ್ಷ ನಿಮ್ಗೆ ಬೇಯ್ಸಿ ಹಾಕಿದ್ದು ಯಾರು?"

"ನೀವಿಬ್ರೂ."

"ಒಬ್ಳು ಹೋದ್ಲು. ಅವಳ ಫೋಟೋದ ಕೆಳಗೆ ಅವಳ ಹೆಸ್ರು ಬರೋವರೆಗೆ ಇನ್ನೊಬ್ಳೂ ಇಲ್ಲ ಅಂತ ತಿಳ್ಕಳಿ."

ರಾಘವೇಂದ್ರ "ಅವ್ವಾ!" ಎಂದ. ಸೀತಾರಾಮಪ್ಪ ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡು ತಲೆ ತಗ್ಗಿಸಿದರು.

ಪೂರ್ಣೇಶ್ ನಿಧಾನವಾಗಿ ಹೇಳಿದ. "ಅಕ್ಕ, ನಂಗೂ ಕಿವಿ ಮೇಲೆ ಬಿದ್ದಿತ್ತು. ಇಲ್ಲ ಅನ್ನಲ್ಲ. ಆದ್ರೆ ಈಗ ಹಕ್ಕುಪತ್ರದ ವಿಚಾರಣೆ ನಡೀತಿದೆ. ಹೆಸ್ರು ಸುಳ್ಳು ಅಂದ ಕೂಡ್ಲೇ ಫೋಟೋನೂ ಸುಳ್ಳು, ಹೋರಾಟನೂ ಸುಳ್ಳು ಅಂತಾರೆ. ಮತ್ತೆ, ಬೇಜಾರಾಗ್ಬೇಡಿ, 'ಹುಲಿಯಮ್ಮನಿಗೆ ಜಯವಾಗಲಿ' ಅಂತ ಕೂಗಿದ್ರೆ ಮೈ ಬಿಸಿ ಆಗುತ್ತೆ. ಮೂಕಮ್ಮ ಅಂತ ಕೂಗೋಕೆ ಆಗುತ್ತಾ?"

"ಕೂಗೋಕೆ ಚೆಂದ ಇಲ್ಲ ಅಂತ ನಿಮ್ಮಪ್ಪನ ಹೆಸ್ರು ಬದ್ಲಿಸ್ತೀರಾ?"

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಪೂರ್ಣೇಶನ ಮುಖ ಕೆಂಪಾಯಿತು.

"ಸರಿ. ಬಾಯಿ ಮಾತು ಸಾಲಲ್ಲ. ಆಧಾರ ತಗಂಬನ್ನಿ, ನೋಡಣ."

ಅವರೆಲ್ಲ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಊಟಕ್ಕೆ ಹೋದ ಮೇಲೆ ರಾಘವೇಂದ್ರ ಅಡುಗೆಮನೆಗೆ ಬಂದ.

"ಮರ್ಯಾದೆ ತೆಗ್ದೆ ಅವ್ವಾ. ಮನೆಗೆ ಬಂದೋರನ್ನ ಹಸ್ಕೊಂಡು ಕಳ್ಸಿದೆ."

"ಹಸಿವು ಅಂದ್ರೆ ಎಂತದು ಅಂತ ಗೊತ್ತಾಗ್ಲಿ."

"ನಮ್ಮ ಅರ್ಜಿ ಇರೋದು ಅಜ್ಜಿ ಹೆಸ್ರಲ್ಲಿ. ಆ ಪೇಪರ್ ಕಟಿಂಗೂ ಅದ್ರ ಜೊತೆ ಇದೆ. ಅಜ್ಜಿ ಅಲ್ಲಿ ಇರ್ಲೇ ಇಲ್ಲ ಅಂದ್ರೆ ಜಾಗ ಹೋಗುತ್ತೆ. ದೊಡ್ಡವ್ವ ಬದುಕಿದ್ರೆ ಹಿಂಗೆ ಮಾಡು ಅಂತಿದ್ರಾ?"

"ಅವಳು ಅನ್ನಲ್ಲ. ಅದಕ್ಕೇ ನಾನು ಮಾಡ್ಬೇಕು."

ಮಂಗಳವಾರ ಬೆಳಗಿನ ಬಸ್ಸಿಗೆ ಕೆರಿಯಮ್ಮ ಆಶಾಳನ್ನು ಕರೆದುಕೊಂಡು ಸಾಗರಕ್ಕೆ ಹೋದಳು. ಆ ಫೋಟೋ ತೆಗೆದ ಗಣೇಶಮೂರ್ತಿ ಇನ್ನೂ ಇದ್ದರು. ಪತ್ರಿಕೆಯ ಕೆಲಸ ಬಿಟ್ಟು, ಸ್ಟುಡಿಯೋ ಮುಚ್ಚಿ, ಪೇಟೆಯ ಹಿಂದಿನ ಓಣಿಯ ಮನೆಯಲ್ಲಿದ್ದರು. ಗೋಡೆಯ ಮೇಲೆ ಅದೇ ಫೋಟೋ, ಅದರ ಕೆಳಗೆ ಪ್ರಶಸ್ತಿಯ ಫಲಕ. ಬಂದವರು ಹುಲಿಯಮ್ಮನ ಮನೆಯವರೆಂದು ತಿಳಿದು ಕಾಫಿ ತರಿಸಿದರು. ಬಂದ ಕಾರಣ ಕೇಳಿದ ಮೇಲೆ ಲೋಟ ಕೆಳಗಿಟ್ಟರು.

"ಅಮ್ಮ, ಅವತ್ತು ಇಬ್ಬರು ಪೊಲೀಸರು ನನ್ನ ಕ್ಯಾಮೆರಾಕ್ಕೆ ಕೈ ಹಾಕಿದ್ರು. ಸ್ಕೂಟರ್ ಓಡಿಸ್ಕೊಂಡು ಆನಂದಪುರಕ್ಕೆ ಬಂದು, ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಕೈಗೆ ರೋಲ್ ಕೊಟ್ಟೆ. ಆ ಬಸ್ ತಪ್ಪಿದ್ರೆ ಮಾರನೇ ದಿನದ ಪೇಪರ್‌ಗೆ ಇಲ್ಲ. ಹೆಸರು ಒಂದು ಚೀಟೀಲಿ ಬರೆದು ಸುತ್ತಿದೆ. ಮತ್ತೆ ಬಂದು ವಿಚಾರಿಸೋಕೆ ಪುರಸೊತ್ತು ಎಲ್ಲಿತ್ತು?"

"ಬೈಯ್ಯೋಕೆ ಬಂದಿಲ್ಲಪ್ಪ."

"ಈ ಫೋಟೋ ನನಗೆ ಅನ್ನ ಕೊಟ್ಟಿದೆ."

"ನಮ್ಗೆ ಜಾಗ ಉಳ್ಸಿ ಕೊಟ್ಟಿದೆ. ಅದನ್ನ ಕಿತ್ಕಳೋಕೆ ಯಾರೂ ಬಂದಿಲ್ಲ. ನೀವು ತೆಗ್ದಿದ್ದು ಸುಳ್ಳಲ್ಲ. ಕೆಳಗೆ ಬರ್ದಿದ್ದು ಮಾತ್ರ ತಪ್ಪು."

ಗಣೇಶಮೂರ್ತಿ ಎದ್ದು ಹೋಗಿ ಮೂಲೆಯ ಮರದ ಕಪಾಟು ತೆರೆದರು. ಒಳಗೆ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು.

"ಹಗಲಲ್ಲೂ ದೀಪ ಹಾಕಿಟ್ಟಿದೀರಲ್ಲ?" ಆಶಾ ಕೇಳಿದಳು.

"ನಮ್ಮೂರ ಮಳೆಗೆ ಫಿಲಂ ಎಲ್ಲ ಬೂಷ್ಟು ಹಿಡಿಯುತ್ತಮ್ಮ. ಬಲ್ಬಿನ ಬಿಸಿ ಇದ್ರೆ ಹಿಡಿಯಲ್ಲ. ಮೂವತ್ತು ವರ್ಷದಿಂದ ಆರಿಸಿಲ್ಲ. ದೇವರ ಮನೆ ದೀಪ ಆರಿದ್ರೂ ಇದು ಆರಲ್ಲ ಅಂತ ನಮ್ಮನೆಯವಳು ಬೈತಿದ್ಲು."

ಬಿಸ್ಕತ್ತಿನ ಡಬ್ಬಿಯಿಂದ ನೆಗೆಟಿವ್ ಪಟ್ಟಿ ಒಂದನ್ನು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದರು. ಏನೂ ತಿಳಿಯಲಿಲ್ಲ. ಮಗಳಿಗೆ ಹೇಳಿ ಅದನ್ನು ಕಂಪ್ಯೂಟರಿಗೆ ಹಾಕಿಸಿದಾಗ ಚಿತ್ರ ನಿಧಾನವಾಗಿ ಪರದೆಯ ಮೇಲೆ ಮೂಡಿತು. ಗೋಡೆಯ ಮೇಲಿದ್ದ ಫೋಟೋಗಿಂತ ಇದು ಅಗಲವಾಗಿತ್ತು.

"ಪೂರ್ತಿ ಇಷ್ಟಿತ್ತು. ಪತ್ರಿಕೆಯಲ್ಲಿ ಎರಡು ಕಾಲಂ ಜಾಗ ಇದ್ದದ್ದು. ಬಲಗಡೆದು ಕತ್ತರಿಸಿದ್ರು. ಆಮೇಲೆ ಎಲ್ಲರೂ ಆ ಕತ್ತರಿಸಿದ್ದನ್ನೇ ಕೇಳಿದ್ರು."

ಆಶಾ ಪರದೆಯ ಹತ್ತಿರ ಬಗ್ಗಿದಳು. "ಅತ್ತೆ! ಸೆರಗು ಗಾಳಿಗೆ ಹಾರಿದ್ದಲ್ಲ!"

ಸೆರಗಿನ ತುದಿಯನ್ನು ಒಬ್ಬಳು ಮುದುಕಿ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ಕಾಲು ಕೆಸರಿನಲ್ಲಿ ಊರಿ, ಮೈಯೆಲ್ಲ ಹಿಂದಕ್ಕೆ ಬಾಗಿ, ಬಾಯಿ ತೆರೆದು ಕೂಗುತ್ತಿದ್ದಳು. ಹುಲಿಯಮ್ಮ.

ಕೆರಿಯಮ್ಮ ಅಲ್ಲಿಯೇ ಕುರ್ಚಿಯ ಮೇಲೆ ಕೂತಳು. ಅಂದು ಮನೆಗೆ ಬಂದ ಮೂಕಮ್ಮನ ಸೆರಗು ಒಂದು ಗೇಣು ಹರಿದಿತ್ತು. "ಮುಳ್ಳಿಗೆ ಸಿಕ್ತು" ಎಂದು ಹೇಳಿ ಹೊಲಿದುಕೊಂಡಿದ್ದಳು. ಸೊಸೆಯ ಹೆಸರು ಬರಬೇಕೆಂದರೆ ಅತ್ತೆಯ ಭಯವೂ ಊರ ಮುಂದೆ ಬರಬೇಕು. ಬೇಡವೆಂದು ತಿರುಗಿ ಹೋಗಿಬಿಡಲೇ ಎನಿಸಿತು. ಕಣ್ಣು ಮುಚ್ಚಿ ಸಿಗಂದೂರಿನ ಚೌಡೇಶ್ವರಿ ಅಮ್ಮನನ್ನು ನೆನೆದಳು. ಕಣ್ಣು ತೆರೆದಾಗಲೂ ಜೀಪಿನ ಮೇಲಿನ ಕೈ ಹಾಗೆಯೇ ಇತ್ತು.

"ಪೂರ್ತಿದು ಒಂದು ಪ್ರಿಂಟ್ ಹಾಕ್ಕೊಡಿ," ಎಂದಳು.

ಗಣೇಶಮೂರ್ತಿ ಪ್ರಿಂಟಿನ ಹಿಂದೆ ತಮ್ಮ ಕೈಯಿಂದಲೇ ಇಬ್ಬರ ಹೆಸರೂ ಬರೆದು ಸಹಿ ಹಾಕಿದರು. "ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳ್ಸಿ," ಎಂದರು.

ಮನೆಯಲ್ಲಿ ಅದನ್ನು ನೋಡಿದ ರಾಘವೇಂದ್ರ ಊಟದ ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ಇದನ್ನ ಯಾರಿಗೂ ತೋರಿಸ್ಬೇಡಿ. ಅಜ್ಜಿ ಹೆದ್ರಿಕೊಂಡು ಹಿಂದಕ್ಕೆ ಎಳೀತಿದಾರೆ. ನಾನು ಆ ಹುಲಿಯಮ್ಮನ ಮೊಮ್ಮಗ ಅಂತ ಮೈಕಲ್ಲಿ ಹೇಳ್ತಾ ಬಂದಿದೀನಿ. ನಾಳೆ ಮುಖ ಎಲ್ಲಿಡ್ಲಿ?"

"ಅಜ್ಜಿನೂ ಅಲ್ಲೇ ಇದ್ರು ಅಂತ ಇದ್ರಲ್ಲೇ ಇದೆಯಲ್ರೀ," ಎಂದಳು ಆಶಾ. "ಕಟಿಂಗಲ್ಲಿ ಹೆಸ್ರು ಮಾತ್ರ ಇತ್ತು. ಇದ್ರಲ್ಲಿ ಆಳೇ ಇದಾರೆ. ಹಿಂದೆ ಬೆಳೆನೂ ಕಾಣ್ತಿದೆ. ಅರ್ಜಿಗೆ ಇನ್ನೂ ಒಳ್ಳೇದೇ."

"ನೀನು ಸುಮ್ನಿರು. ಅವ್ವನ ಪಾರ್ಟಿ ಸೇರಿದೀಯ."

"ಸೇರದೆ ಎಂತ? ಅನ್ನ ಬಡಿಸೋರು ಅವ್ರು."

ಆಗ, ಇಷ್ಟು ದಿನ ಬಾಯಿ ಬಿಡದಿದ್ದ ಸೀತಾರಾಮಪ್ಪ ಫೋಟೋವನ್ನು ಕೈಗೆ ತೆಗೆದುಕೊಂಡರು. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನಾನು ಜೀಪಿನ ಆಚೆ ಕಡೆ ಇದ್ದೆ. ಅವ್ವ ಕೂಗಿದ್ದು ಕೇಳಿದೀನಿ. 'ಮನೆ ನೀರಿಗೆ ಹೋಯ್ತು, ಗದ್ದೆ ಹೋಯ್ತು, ಈಗ ನೀನೂ ಹೋಗ್ತೀಯನೇ' ಅಂತ ಕೂಗ್ತಿದ್ಲು. ಇಂಜಿನ್ ಆರಿಸಿರ್ಲಿಲ್ಲ ಆ ಡ್ರೈವರ್. ಮುಂದೆ ಬಂದಿದ್ರೆ? ಸೊಸೆನ ಹಿಡ್ದು ಎಳೆದಿದ್ದು ಮರ್ಯಾದೆಗೇಡು ಹೆಂಗೋ ಆಗುತ್ತೆ? ಅತ್ತಿಗೆ ಬಿಡ್ಲಿಲ್ಲ, ಅವ್ವನೂ ಬಿಡ್ಲಿಲ್ಲ. ಇಬ್ರೂ ನಮ್ಮನೆಯೋರೇ."

ರಾಘವೇಂದ್ರ ಕೈ ತೊಳೆದು ಹೊರಟುಹೋದ.

ಫೋಟೋ ಸಮಿತಿಗೆ ಹೋಯಿತು. ಸಮಿತಿಯಿಂದ ಯಾರ ಮೊಬೈಲಿಗೆ ಹಾರಿತೋ ಏನೋ, ವಾರದೊಳಗೆ ಊರೂರಿಗೆ ತಲುಪಿತು. 'ಮೂವತ್ತು ವರ್ಷದ ಸುಳ್ಳು ಬಯಲು' ಎಂದು ಯಾರೋ ಅದರ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಬಿಟ್ಟಿದ್ದರು. ಪೂರ್ಣೇಶ್ ಫೋನು ಮಾಡಿ, "ನಾನು ಹೇಳಿದ್ದೇ ಆಯ್ತಲ್ಲ ಕೆರಿಯಕ್ಕ," ಎಂದ. "ಒಂದು ಕೆಲ್ಸ ಮಾಡಣ. ಪೂರ್ತಿ ಫೋಟೋನೇ ಕಲ್ಲಿಗೆ ಹಾಕಣ. ಆದ್ರೆ ಹೆಸ್ರು ಬೇಡ. 'ಹೋರಾಟದ ತಾಯಂದಿರು' ಅಂತ ಇರ್ಲಿ. ಯಾರಿಗೂ ನೋವಿಲ್ಲ."

"ಹೆಸ್ರಿಲ್ದೆ ಎಡೆ ಇಡ್ತೀರಾ ನಿಮ್ಮನೇಲಿ?"

"ಅಕ್ಕ, ಅದು ಬೇರೆ, ಇದು ಬೇರೆ."

"ನಂಗೆ ಎರಡೂ ಒಂದೇ ಪೂರ್ಣೇಶಣ್ಣ," ಎಂದು ಅವಳು ಫೋನು ಇಟ್ಟಳು.

ರಾಘವೇಂದ್ರ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವುದನ್ನು ಬಿಟ್ಟಿದ್ದ. ಎರಡು ದಿನ ನೋಡಿ ಮೂರನೆಯ ದಿನ ಕೆರಿಯಮ್ಮ ಬುತ್ತಿ ಕಟ್ಟಿಕೊಂಡು ಅಂಗಡಿಗೆ ಹೋದಳು. ಮಿಶಿನ್ನಿನ ಸದ್ದಿನಲ್ಲಿ ಅವಳು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಕೌಂಟರಿಗೆ ಒರಗಿ ನಿಂತಿದ್ದ ಒಬ್ಬ ಜೆರಾಕ್ಸು ತೆಗೆಸುತ್ತಾ ಹಲ್ಲು ಕಿಸಿಯುತ್ತಿದ್ದ.

"ಏನೋ ರಾಘು, ಹುಲಿ ಹುಲಿ ಅಂತ ಕೂಗಿಸ್ದೆ. ನಿಮ್ಮಜ್ಜಿ ಬಾಲ ಹಿಡ್ದು ಹಿಂದಕ್ಕೆ ಎಳೀತಿದ್ರಂತಲ್ಲ?"

ರಾಘವೇಂದ್ರ ಮಿಶಿನ್ನು ನಿಲ್ಲಿಸಿದ.

"ಹೌದು, ಎಳೀತಿದ್ರು. ಸೊಸೆ ಸಾಯ್ತಾಳೆ ಅಂತ ಎಳೀತಿದ್ರು. ನಮ್ಮನೆಯೋರು ಇಬ್ರು ಜೀಪಿನ ಮುಂದೆ ಇದ್ರು. ನಿಮ್ಮನೆಯೋರು ಎಲ್ಲಿದ್ರು ಅವತ್ತು? ಫೋಟೋ ಪೂರ್ತಿ ಇದೆ, ಹುಡುಕಿ ತೋರ್ಸು."

"ತಮಾಷೆಗೆ ಅಂದೆ ಮಾರಾಯ."

"ತಮಾಷೆ ಸಾಕು. ನಿಲ್ಲು, ಹೆಸ್ರನ್ನೂ ಕೇಳ್ಕೊಂಡು ಹೋಗು. ಮುಂದೆ ನಿಂತಿದ್ದು ನಮ್ಮ ದೊಡ್ಡವ್ವ, ಮೂಕಮ್ಮ. ಹಿಂದೆ ಇರೋದು ಅಜ್ಜಿ."

ಅವನು ಜೆರಾಕ್ಸು ಹಿಡಿದು ಇಳಿದುಹೋದ ಮೇಲೆ ರಾಘವೇಂದ್ರ ತಿರುಗಿ ನೋಡಿದ. ಅವ್ವ ಬುತ್ತಿ ಹಿಡಿದು ನಿಂತಿದ್ದಳು.

"ಎಂತ ತಂದೆ?" ಎಂದ, ಮುಖ ಬೇರೆ ಕಡೆ ಮಾಡಿ.

"ರೊಟ್ಟಿ, ಕೆಸುವಿನ ಪಲ್ಯ."

"ದೊಡ್ಡವ್ವ ಮಾಡಿದ ಹಂಗೆ ಆಗಿದ್ಯಾ?"

"ಇಲ್ಲ. ಇನ್ನು ಮೇಲೆ ಆಗೋದೂ ಇಲ್ಲ. ತಿನ್ನು."

ಅವನು ಫ್ಲೆಕ್ಸಿನ ರೋಲಿನ ಮೇಲೆಯೇ ಕೂತು ತಿಂದ. ತಿಂದು ಮುಗಿಸಿ, ಕೈ ತೊಳೆದು, ಪೂರ್ಣೇಶನಿಗೆ ಅವ್ವನ ಎದುರೇ ಫೋನು ಮಾಡಿದ. ಮಾತು ಜೋರಾಯಿತು. "ಕಲ್ಲು ಕೊರೆಯೋನಿಗೆ ದುಡ್ಡು ಕೊಟ್ಟಾಗಿದೆ" ಎಂದು ಅತ್ತ ಕಡೆಯಿಂದ ಕೂಗುವುದು ಕೆರಿಯಮ್ಮನಿಗೂ ಕೇಳಿಸಿತು. "ಕೊರೆಯೋದು ನಿಲ್ಸಿ," ಎಂದ ರಾಘವೇಂದ್ರ. "ಹೆಸ್ರು ಸರಿ ಮಾಡದಿದ್ರೆ ಆ ದಿನ ನಮ್ಮನೆಯೋರು ಯಾರೂ ಬರಲ್ಲ. ಹುಲಿಯಮ್ಮನ ಮನೆಯೋರಿಲ್ದೆ ಹುಲಿಯಮ್ಮನ ಕಲ್ಲು ನಿಲ್ಸಿ, ಜನ ಎಂತ ಕೇಳ್ತಾರೆ ನೋಡಿ."

ಜೀಪು ತಡೆದ ದಿನ ಬಂದಾಗ ಕಲ್ಲು ಸಿದ್ಧವಾಗಿರಲಿಲ್ಲ. ಸಮಿತಿ ಕೊನೆಗೆ ಒಪ್ಪಿದ ಹೊಸ ಹೆಸರುಗಳನ್ನು ಕೊರೆಯಲು ಇನ್ನೂ ಸಮಯ ಬೇಕೆಂದು ಕೆತ್ತುವವನು ಹೇಳಿದ್ದ. ಸಮಿತಿಯಲ್ಲಿ ಕೆಲವರು ಮುನಿಸಿಕೊಂಡು ಬರಲೂ ಇಲ್ಲ. ಹಕ್ಕಲಿನ ತಿರುವಿನಲ್ಲಿ ಎರಡು ಕಂಬದ ನಡುವೆ ರಾಘವೇಂದ್ರ ತಾನೇ ಮುದ್ರಿಸಿದ ಅಗಲವಾದ ಫ್ಲೆಕ್ಸನ್ನು ಕಟ್ಟಿದ್ದ. ಅಂಚಿನಿಂದ ಅಂಚಿಗೆ ಪೂರ್ತಿ ಫೋಟೋ. ಕೆಳಗೆ, ದೂರದಿಂದಲೂ ಓದುವಷ್ಟು ದಪ್ಪ ಅಕ್ಷರದಲ್ಲಿ: 'ಜೀಪು ತಡೆದವರು ಮೂಕಮ್ಮ. ಅವರನ್ನು ಉಳಿಸಿಕೊಳ್ಳಲು ಸೆರಗು ಹಿಡಿದವರು ಅತ್ತೆ ಹುಲಿಯಮ್ಮ. ಫೋಟೋ: ಗಣೇಶಮೂರ್ತಿ, ಸಾಗರ.'

ಹೊಸನಗರದಿಂದ, ತೀರ್ಥಹಳ್ಳಿಯಿಂದ ಜನ ಬಂದಿದ್ದರು. ಬಂದವರು ಫ್ಲೆಕ್ಸಿನ ಮುಂದೆ ನಿಂತು, ಬಾಯಿ ಆಡಿಸುತ್ತಾ ಓದುತ್ತಿದ್ದರು. ಒಬ್ಬಳು ಮುದುಕಿ ಓದಲು ಬಾರದೆ ಪಕ್ಕದವಳನ್ನು ಕೇಳಿದಳು. ಅವಳು ಓದಿ ಹೇಳಿದಳು. ಮುದುಕಿ ಸೆರಗಿನ ಮೇಲೆ ಕೈಯಾಡಿಸಿ, "ಅಯ್ಯೋ ನಮ್ಮವ್ವ, ಹಿಡ್ಕಳದೆ ಎಂತ ಮಾಡ್ತಾಳೆ ಮತ್ತೆ," ಎಂದಳು.

ಗಣೇಶಮೂರ್ತಿ ಕೋಲು ಊರಿಕೊಂಡು ಬಂದಿದ್ದರು. ಮೈಕು ಹಿಡಿದ ಪೂರ್ಣೇಶ್ ಅಭ್ಯಾಸದ ಮೇಲೆ "ಹುಲಿಯಮ್ಮನಿಗೆ" ಎಂದು ಶುರುಮಾಡಿ, ಕೆರಿಯಮ್ಮನ ಕಡೆ ನೋಡಿ, ನಿಲ್ಲಿಸಿದ. ಆಮೇಲೆ, "ಮೂಕಮ್ಮನಿಗೆ," ಎಂದ. ಜಯವಾಗಲಿ ಎಂದು ಜನ ಕೂಗಿದರು. ಮೊದಲ ಸಲ ದನಿ ಒಡೆದು ಒಡೆದು ಬಂತು. ಎರಡನೆಯ ಸಲ ಒಂದಾಯಿತು.

"ಕೆರಿಯಕ್ಕ, ದೀಪ ಹಚ್ಚಿ. ಎರಡು ಮಾತು ಹೇಳಿ," ಎಂದು ಮೈಕನ್ನು ಚಾಚಿದ.

ಕೆರಿಯಮ್ಮ ದೀಪ ಹಚ್ಚಿದಳು. ಮೈಕು ತೆಗೆದುಕೊಳ್ಳಲಿಲ್ಲ. ಭಾಷಣ ಅವಳಿಗೆ ಬರುತ್ತಿರಲಿಲ್ಲ, ಬೇಕೂ ಇರಲಿಲ್ಲ. ಗಂಡ, ಮಗ, ಸೊಸೆ ಹಿಂದೆ ಬಂದು ನಿಂತರು. ಅವಳು ಸೆರಗು ಹೊದ್ದು, ಕೈಜೋಡಿಸಿ, ಮನೆಯ ದೇವರ ಮುಂದೆ ನಿತ್ಯ ಹೇಳುವ ದನಿಯಲ್ಲೇ ಹೇಳಿದಳು:

"ತಾಯೀ ಚೌಡೇಶ್ವರಿ, ಮೂಕಮ್ಮ ಅನ್ನೋಳು ನಿನ್ನ ಹತ್ರ ಬಂದಿದಾಳೆ. ತನ್ನ ಹೆಸ್ರನ್ನ ತಾನಾಗಿ ಹೇಳೋಳಲ್ಲ ಅವಳು, ನೀನೇ ಗುರುತು ಹಿಡ್ಕೊ. ದುಡಿದು ದಣಿದ ಜೀವ. ನಿನ್ನ ಪಾದದಲ್ಲಿ ಜಾಗ ಕೊಡು. ಇನ್ನು ಯಾವ ಜೀಪಿಗೂ ಅಡ್ಡ ನಿಲ್ಲೋ ಕಷ್ಟ ಅವಳಿಗೆ ಬೇಡ. ಅವಳಿಗೆ ಶಾಂತಿ ಕೊಡಮ್ಮ."